ಅಮೆರಿಕದಲ್ಲಿ ಓದುತ್ತಾ ಯೂನಿವರ್ಸಿಟಿ ಬದಲಿಸಿದರೆ ವೀಸಾ ಏನಾಗುತ್ತದೆ?

ಪ್ರಶ್ನೆ: ಮೇಡಂ, ಎಂ.ಎಸ್. ಮಾಡಲು ಈ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದಿದ್ದೇನೆ. ಕಂಪ್ಯೂಟರ್ ಸೈನ್ಸ್. ನನಗೆ ಬೇಕಾದ ವಿಷಯಗಳು ಇಲ್ಲಿ ಅಷ್ಟಾಗಿ ಇಲ್ಲ ಅಂತ ಬಂದ ಮೇಲೆ ಗೊತ್ತಾಯಿತು. ಫೀಸೂ ಜಾಸ್ತಿ. ಜನವರಿಗೆ ಬೇರೆ ಯೂನಿವರ್ಸಿಟಿ ಸೇರಬೇಕು ಅಂದುಕೊಂಡಿದ್ದೇನೆ. ಕೋರ್ಸನ್ನೂ ಬಿಸಿನೆಸ್ ಅನಾಲಿಟಿಕ್ಸ್‌ಗೆ ಬದಲಿಸುವ ಯೋಚನೆ ಇದೆ. ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಮೇಲೆ ಈಗಿನ ಯೂನಿವರ್ಸಿಟಿಯ ಹೆಸರಿದೆ. ಅದು ರದ್ದಾಗುತ್ತದಾ? ಡಿಸೆಂಬರ್ ರಜೆಯಲ್ಲಿ ಮನೆಗೆ ಹೋಗಿ ಬರಬಹುದಾ? ಹೇಗೂ ಬಿಡುವ ಜಾಗ, ಈಗಲೇ ಎರಡು ಕೋರ್ಸ್ ಡ್ರಾಪ್ ಮಾಡಿ ಬಂದಷ್ಟು ಹಣ ವಾಪಸ್ ತಗೋ ಅಂತ ರೂಮ್‌ಮೇಟ್ ಹೇಳುತ್ತಿದ್ದಾಳೆ. ಇನ್ನೊಬ್ಬ ಏಜೆಂಟ್ ಫೋನ್ ಮಾಡಿ, ಸೇರಿದ ದಿನದಿಂದಲೇ ಹೊರಗೆ ಕೆಲಸ ಮಾಡಬಹುದಾದ ಯೂನಿವರ್ಸಿಟಿಗೆ ಸೇರಿಸುತ್ತೇನೆ ಅನ್ನುತ್ತಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ತುರ್ತಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಒಂದು ಕೋರ್ಸನ್ನೂ ಡ್ರಾಪ್ ಮಾಡಬೇಡಿ. ಕ್ಲಾಸಿಗೆ ಹೋಗುವುದನ್ನೂ ನಿಲ್ಲಿಸಬೇಡಿ. ನಿಮ್ಮ ರೂಮ್‌ಮೇಟ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾಳೆ. ಆದರೆ ಹಾಗೆ ಮಾಡಿದರೆ ಟ್ರಾನ್ಸ್‌ಫರ್ ಆಗುವ ಅರ್ಹತೆಯೇ ಕೈತಪ್ಪುತ್ತದೆ.

ಉಳಿದ ಸುದ್ದಿ ಒಳ್ಳೆಯದೇ. ಎಫ್-1, ಅಂದರೆ ನಿಮ್ಮಂತೆ ವಿದ್ಯಾರ್ಥಿ ವೀಸಾದಲ್ಲಿ ಬಂದವರು, ಯೂನಿವರ್ಸಿಟಿ ಬದಲಿಸಲು ಅಮೆರಿಕದ ನಿಯಮದಲ್ಲೇ ದಾರಿ ಇದೆ. ಅದಕ್ಕೆ ವಲಸೆ ಇಲಾಖೆಗೆ ಅರ್ಜಿ ಹಾಕಬೇಕಿಲ್ಲ, ಸರ್ಕಾರಕ್ಕೆ ಒಂದು ಡಾಲರ್ ಫೀಸೂ ಕಟ್ಟಬೇಕಿಲ್ಲ. ಯಾವ ಹೆಜ್ಜೆ ಮೊದಲು, ಯಾವುದು ನಂತರ ಅನ್ನುವುದರಲ್ಲೇ ಎಲ್ಲ ಇದೆ. ತೊಂದರೆಗೆ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರು ಈ ಕ್ರಮ ತಪ್ಪಿದವರು.

ನಿಮ್ಮ ದೊಡ್ಡ ಹೆದರಿಕೆ ವೀಸಾದ ಬಗ್ಗೆ. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾ ಬೇಕಾಗುವುದು ದೇಶದೊಳಗೆ ಬರುವಾಗ ಮಾತ್ರ. ಒಳಗೆ ಬಂದ ಮೇಲೆ ನೀವು ಇಲ್ಲಿ ಇರುವುದು ಸ್ಟೇಟಸ್‌ನ ಮೇಲೆ, ಅಂದರೆ ವಿದ್ಯಾರ್ಥಿಯಾಗಿ ಇಲ್ಲಿರಲು ಇರುವ ಅನುಮತಿಯ ಮೇಲೆ. ಆ ಸ್ಟೇಟಸ್ ನಿಂತಿರುವುದು ಯೂನಿವರ್ಸಿಟಿ ನಿಮಗೆ ಕೊಟ್ಟ ಐ-20 ಎಂಬ ಪತ್ರ ಮತ್ತು ಸೆವಿಸ್ ಎಂಬ ಸರ್ಕಾರದ ಕಂಪ್ಯೂಟರ್ ದಾಖಲೆಯ ಮೇಲೆ. ಐ-20ಯ ಮೇಲ್ಭಾಗದಲ್ಲಿ ‘ಎನ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇದೆ, ನೋಡಿ. ಅದೇ ನಿಮ್ಮ ಸೆವಿಸ್ ಸಂಖ್ಯೆ. ಟ್ರಾನ್ಸ್‌ಫರ್ ಅಂದರೆ ಆ ದಾಖಲೆ ಈಗಿನ ಯೂನಿವರ್ಸಿಟಿಯ ಕೈಯಿಂದ ಹೊಸ ಯೂನಿವರ್ಸಿಟಿಯ ಕೈಗೆ ಹೋಗುವುದು, ಅಷ್ಟೇ. ಸಂಖ್ಯೆ ಬದಲಾಗುವುದಿಲ್ಲ. ಬರುವ ಮುಂಚೆ ಕಟ್ಟಿದ 350 ಡಾಲರ್ ಸೆವಿಸ್ ಫೀಸನ್ನು ಮತ್ತೆ ಕಟ್ಟಬೇಕಿಲ್ಲ. ವೀಸಾದ ಅವಧಿ ಇನ್ನೂ ಇದ್ದರೆ, ಹಳೆಯ ಯೂನಿವರ್ಸಿಟಿಯ ಹೆಸರು ಇದ್ದರೂ ಅದೇ ವೀಸಾ ನಡೆಯುತ್ತದೆ. ಜೊತೆಗೆ ಹೊಸ ಯೂನಿವರ್ಸಿಟಿಯ ಐ-20 ಇರಬೇಕು.

ಒಂದು ಸಂದರ್ಭ ಮಾತ್ರ ಬೇರೆ. ವೀಸಾ ಕೈಗೆ ಬಂದಿದೆ, ಆದರೆ ಇನ್ನೂ ಒಮ್ಮೆಯೂ ಅಮೆರಿಕಕ್ಕೆ ಬಂದಿಲ್ಲ, ಅಷ್ಟರಲ್ಲಿ ಬೇರೆ ಯೂನಿವರ್ಸಿಟಿಗೆ ಹೋಗುವ ಮನಸ್ಸಾಗಿದೆ ಅನ್ನುವವರು ವಿಮಾನ ಹತ್ತುವ ಮುಂಚೆಯೇ ಹೊಸ ಯೂನಿವರ್ಸಿಟಿ ಮತ್ತು ವೀಸಾ ಕಚೇರಿ ಎರಡನ್ನೂ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲ ಸಲ ಬರುವಾಗ ವೀಸಾದ ಮೇಲೆ ಒಂದು ಹೆಸರು, ಐ-20ಯ ಮೇಲೆ ಇನ್ನೊಂದು ಇದ್ದರೆ ವಿಮಾನ ನಿಲ್ದಾಣದಲ್ಲಿ ಕಷ್ಟ. ನೀವು ಬಂದು, ಸೇರಿ, ಓದುತ್ತಿದ್ದೀರಿ. ನಿಮಗೆ ಇದು ಅನ್ವಯಿಸುವುದಿಲ್ಲ.

ಈಗ ಕ್ರಮಕ್ಕೆ ಬರೋಣ. ಮೊದಲ ಹೆಜ್ಜೆ ಹೊಸ ಕಡೆ ಅಡ್ಮಿಷನ್. ಪತ್ರ ಕೈಗೆ ಬರುವವರೆಗೆ ಈಗಿನ ಯೂನಿವರ್ಸಿಟಿಯಲ್ಲಿ ಏನನ್ನೂ ಬದಲಿಸಬೇಡಿ. ಹೊಸ ಯೂನಿವರ್ಸಿಟಿಯವರು ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ಹೊಸದಾಗಿ ದಾಖಲೆ ಕೇಳುತ್ತಾರೆ. ಹಳೆಯ ಕಡೆ ತೋರಿಸಿದ್ದನ್ನೇ ಕೊಡಬಹುದು ಅಂದುಕೊಳ್ಳಬೇಡಿ, ತಾರೀಕು ಹಳೆಯದಾಗಿರುತ್ತದೆ. ಶಿಕ್ಷಣ ಸಾಲ ತೆಗೆದುಕೊಂಡಿದ್ದರೆ ಬ್ಯಾಂಕಿಗೆ ಈಗಲೇ ತಿಳಿಸಿ. ಸಾಲ ಮಂಜೂರಾಗಿರುವುದು ಇಂಥ ಯೂನಿವರ್ಸಿಟಿಯ ಇಂಥ ಕೋರ್ಸಿಗೆ ಅಂತ. ಹೆಸರು ಬದಲಾದರೆ ಮಂಜೂರಾತಿ ಪತ್ರವೂ ಬದಲಾಗಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಜನವರಿಯ ಫೀಸ್ ಕಟ್ಟುವ ದಿನ ಯಾರಿಗೂ ಕಾಯುವುದಿಲ್ಲ.

ಪತ್ರ ಬಂದ ಮೇಲೆ ಟ್ರಾನ್ಸ್‌ಫರ್ ಕೇಳಲು ಈಗಿನ ಯೂನಿವರ್ಸಿಟಿಯ ಡಿಎಸ್‌ಒ ಅವರನ್ನು ನೋಡಿ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ನಿಮ್ಮ ಐ-20ಗೆ ಸಹಿ ಹಾಕಿದವರೇ ಅವರು. ತುಂಬಾ ಜನ ಹುಡುಗರು, ಹುಡುಗಿಯರು ಈ ಕಚೇರಿಗೆ ಹೋಗಲು ಹೆದರುತ್ತಾರೆ. ಬಿಟ್ಟು ಹೋಗುತ್ತೇನೆ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ, ಏನಾದರೂ ತೊಂದರೆ ಕೊಡುತ್ತಾರೆ ಅಂತ. ಟ್ರಾನ್ಸ್‌ಫರ್ ಮಾಡಿಕೊಡುವುದು ಅವರ ದಿನನಿತ್ಯದ ಕೆಲಸ. ಅವರಿಗೆ ಹೇಳದೆ ಈ ಕೆಲಸ ಆಗುವುದೂ ಇಲ್ಲ, ಯಾಕೆಂದರೆ ಸೆವಿಸ್‌ನಲ್ಲಿ ಹೊಸ ಯೂನಿವರ್ಸಿಟಿಯ ಹೆಸರು ಮತ್ತು ರಿಲೀಸ್ ಡೇಟ್ ಹಾಕುವವರು ಅವರೇ.

ಈ ರಿಲೀಸ್ ಡೇಟ್ ಎಲ್ಲಕ್ಕಿಂತ ಮುಖ್ಯ. ಆ ದಿನದವರೆಗೆ ನಿಮ್ಮ ದಾಖಲೆ ಹಳೆಯ ಯೂನಿವರ್ಸಿಟಿಯದು. ಆ ದಿನ ಅದು ಹೊಸಬರ ಕೈಗೆ ಹೋಗುತ್ತದೆ, ಹೊಸ ಐ-20 ತಯಾರಾಗುವುದು ಆಮೇಲೆಯೇ. ಅಂದಿನಿಂದ ಹಳೆಯ ಡಿಎಸ್‌ಒ ನಿಮ್ಮ ದಾಖಲೆಯನ್ನು ಮುಟ್ಟಲಾರರು. ಹಳೆಯ ಐ-20 ಹಿಡಿದು ಪ್ರಯಾಣ ಮಾಡುವಂತಿಲ್ಲ. ಹಳೆಯ ಕ್ಯಾಂಪಸ್‌ನ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕೆಲಸ ಮಾಡುತ್ತಿದ್ದರೆ ಅದೂ ಅಂದಿಗೆ ನಿಲ್ಲಬೇಕು. ಕ್ಯಾಂಪಸ್ ಕೆಲಸದ ಅನುಮತಿ ಸೆವಿಸ್ ದಾಖಲೆ ಇಟ್ಟುಕೊಂಡಿರುವ ಯೂನಿವರ್ಸಿಟಿಯಲ್ಲಿ ಮಾತ್ರ. ಇನ್ನೊಂದು ವಾರ ಮಾಡಿ ಬಿಡುತ್ತೇನೆ ಅಂತ ಮುಂದುವರಿಸಿದರೆ ಅದು ಅನುಮತಿ ಇಲ್ಲದ ಕೆಲಸ ಆಗುತ್ತದೆ. ಈ ಒಂದು ವಾರ ಮುಂದೆ ಎಲ್ಲ ಕಡೆ ಎದುರಾಗುತ್ತದೆ.

ಆದ್ದರಿಂದ ಪರೀಕ್ಷೆ ಮುಗಿದು ಸೆಮಿಸ್ಟರ್ ಪೂರ್ತಿಯಾದ ಮೇಲಿನ ದಿನವನ್ನೇ ರಿಲೀಸ್ ಡೇಟ್ ಆಗಿ ಕೇಳಿ. ಅಲ್ಲಿಯವರೆಗೆ ಪೂರ್ಣ ಹೊರೆಯಲ್ಲಿ ಓದುತ್ತಿರಲೇಬೇಕು. ಪದವಿಯವರಿಗೆ ಒಂದು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್. ಎಂ.ಎಸ್.ನವರಿಗೆ ಯೂನಿವರ್ಸಿಟಿ ಗೊತ್ತು ಮಾಡಿದಷ್ಟು, ಸಾಮಾನ್ಯವಾಗಿ 9. ಅದರಲ್ಲೂ ಪೂರ್ತಿ ಆನ್‌ಲೈನ್ ಆಗಿರುವ ಕೋರ್ಸ್ ಒಂದೇ ಒಂದು, ಅಂದರೆ 3 ಕ್ರೆಡಿಟ್, ಲೆಕ್ಕಕ್ಕೆ ಬರುತ್ತದೆ. ನೀವು 9 ಕ್ರೆಡಿಟ್‌ನಲ್ಲಿ ಎರಡು ಕೋರ್ಸ್ ಬಿಟ್ಟರೆ ಉಳಿಯುವುದು 3. ಡಿಎಸ್‌ಒ ಮುಂಚಿತವಾಗಿ ಒಪ್ಪದೆ ಹಾಗೆ ಮಾಡಿದ ಕೂಡಲೇ ಸ್ಟೇಟಸ್ ಮುರಿದಂತೆ. ಸ್ಟೇಟಸ್ ಮುರಿದವರಿಗೆ ಮಾಮೂಲಿ ಟ್ರಾನ್ಸ್‌ಫರ್ ಇಲ್ಲ. ವಾಪಸ್ ಬರುವ ಫೀಸ್‌ಗಿಂತ ಇದರ ಬೆಲೆ ಎಷ್ಟು ಜಾಸ್ತಿ ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ಎರಡು ಮೂರು ಕಡೆ ಅಡ್ಮಿಷನ್ ಸಿಕ್ಕರೂ ಸೆವಿಸ್ ದಾಖಲೆ ಹೋಗುವುದು ಒಂದೇ ಕಡೆಗೆ. ಎಲ್ಲಿಗೆ ಅಂತ ನಿರ್ಧರಿಸಿದ ಮೇಲೆಯೇ ಡಿಎಸ್‌ಒಗೆ ಹೆಸರು ಕೊಡಿ.

ಜನವರಿಯಲ್ಲಿ ಹೊಸ ಕಡೆ ಹೋದ ಮೇಲೆ, ಐ-20ಯಲ್ಲಿರುವ ಆರಂಭದ ದಿನದಿಂದ 15 ದಿನದೊಳಗೆ ಅಲ್ಲಿನ ಡಿಎಸ್‌ಒಗೆ ವರದಿ ಮಾಡಿಕೊಳ್ಳಬೇಕು. ವಿಳಾಸ ಬದಲಾದರೆ 10 ದಿನದೊಳಗೆ ತಿಳಿಸಬೇಕು. ಅವರು ನಿಮ್ಮನ್ನು ಸೆವಿಸ್‌ನಲ್ಲಿ ರಿಜಿಸ್ಟರ್ ಮಾಡಿದ ಮೇಲೆ ಟ್ರಾನ್ಸ್‌ಫರ್ ಪೂರ್ತಿ ಆಯಿತು ಅಂತ. ಆಗ ಇನ್ನೊಂದು ಐ-20 ಕೊಡುತ್ತಾರೆ, ಕೇಳಿ ಪಡೆದುಕೊಳ್ಳಿ. ಹಳೆಯ ಐ-20ಗಳನ್ನು ಒಂದನ್ನೂ ಬಿಸಾಡಬೇಡಿ. ಮುಂದೆ ಎಚ್-1ಬಿಗೋ ಗ್ರೀನ್ ಕಾರ್ಡಿಗೋ ಅರ್ಜಿ ಹಾಕುವಾಗ ಎಲ್ಲವನ್ನೂ ಕೇಳಬಹುದು.

ನಿಮಗೆ ಜನವರಿಗೆ ಸೀಟು ಸಿಗದೆ, ಮುಂದಿನ ಆಗಸ್ಟ್‌ಗೆ ಮಾತ್ರ ಸಿಕ್ಕರೆ? ಇಲ್ಲಿ ಐದು ತಿಂಗಳ ನಿಯಮ ಅಡ್ಡ ಬರುತ್ತದೆ. ದಾಖಲೆ ಕೈಬದಲಾಗಿ ಐದು ತಿಂಗಳೊಳಗೆ ಹೊಸ ಕಡೆ ಪಾಠ ಶುರುವಾಗಬೇಕು. ಡಿಸೆಂಬರ್‌ನಲ್ಲಿ ಹಳೆಯದನ್ನು ಬಿಟ್ಟು ಆಗಸ್ಟ್‌ವರೆಗೆ ಸುಮ್ನೆ ಅಮೆರಿಕದಲ್ಲಿ ಕೂತಿರಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಸಲಹೆ, ಜನವರಿಯಿಂದ ಮೇವರೆಗೂ ಈಗಿನ ಯೂನಿವರ್ಸಿಟಿಯಲ್ಲೇ ಪೂರ್ಣ ಹೊರೆಯಲ್ಲಿ ಓದಿ. ಮೇಯಲ್ಲಿ ಬಿಟ್ಟು ಆಗಸ್ಟ್‌ನಲ್ಲಿ ಸೇರಿದರೆ ಅಂತರ ಮೂರು ತಿಂಗಳ ಆಸುಪಾಸು. ಯಾವ ತೊಡಕೂ ಇಲ್ಲ.

ಡಿಸೆಂಬರ್ ಪ್ರಯಾಣದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೋಗಬಹುದು, ನಿಯಮ ತಡೆಯುವುದಿಲ್ಲ. ಅಪಾಯ ಇರುವುದು ತಾರೀಕುಗಳಲ್ಲಿ. ಡಿಸೆಂಬರ್ 20ಕ್ಕೆ ನೀವು ವಿಮಾನ ಹತ್ತುತ್ತೀರಿ, ರಿಲೀಸ್ ಡೇಟ್ 22ಕ್ಕೆ ಇದೆ ಅಂತಿಟ್ಟುಕೊಳ್ಳಿ. 22ರಿಂದ ಹಳೆಯ ಐ-20 ನಡೆಯುವುದಿಲ್ಲ. ಹೊಸದು ಇನ್ನೂ ಬಂದಿಲ್ಲ. ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳ ಕಚೇರಿಗಳು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಾಗಿಲು ಹಾಕಿರುತ್ತವೆ. ಜನವರಿ ಮೊದಲ ವಾರದಲ್ಲಿ ಎಲ್ಲರೂ ಒಟ್ಟಿಗೆ ಐ-20 ಕೇಳುತ್ತಾರೆ. ನಿಮ್ಮ ವಾಪಸ್ ಟಿಕೆಟ್ ಜನವರಿ 4ಕ್ಕೆ ಇದ್ದರೆ, ಕೈಯಲ್ಲಿ ಬಳಸಬಹುದಾದ ಐ-20 ಇಲ್ಲದೆ ವಿಮಾನ ನಿಲ್ದಾಣದಲ್ಲಿ ನಿಲ್ಲಬೇಕಾಗುತ್ತದೆ.

ಹೋಗಲೇಬೇಕಾದರೆ ಎರಡು ದಾರಿ ಇವೆ. ಪರೀಕ್ಷೆ ಬೇಗ ಮುಗಿಯುವುದಾದರೆ ಮರುದಿನಕ್ಕೇ ರಿಲೀಸ್ ಡೇಟ್ ಹಾಕಿಸಿ, ಕಚೇರಿ ಮುಚ್ಚುವ ಮುಂಚೆ ಹೊಸ ಐ-20 ಕಳಿಸಿ ಅಂತ ಹೊಸ ಡಿಎಸ್‌ಒಗೆ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಐ-20 ಈಗ ಇಮೇಲ್‌ನಲ್ಲೇ ಬರುತ್ತದೆ. ಪ್ರಿಂಟ್ ತೆಗೆದು ನಿಮ್ಮ ಸಹಿ ಹಾಕಿ ಇಟ್ಟುಕೊಂಡರೆ ಆಯಿತು. ಇಲ್ಲವೇ ರಿಲೀಸ್ ಡೇಟನ್ನು ನೀವು ವಾಪಸ್ ಬಂದ ಮೇಲಿನ ದಿನಕ್ಕೆ ಇಟ್ಟು, ಹಳೆಯ ಐ-20ಯ ಮೇಲೆ ಪ್ರಯಾಣದ ಸಹಿ ಹಾಕಿಸಿಕೊಂಡು ಹೋಗಿ ಬನ್ನಿ. ಹೊಸ ಕಡೆ ಪಾಠ ಜನವರಿ ಮಧ್ಯದ ನಂತರ ಶುರುವಾಗುವುದಾದರೆ ಮಾತ್ರ ಇದು ಸರಿ ಹೋಗುತ್ತದೆ. ಎರಡೂ ಆಗದಿದ್ದರೆ ಈ ರಜೆಗೆ ಹೋಗಬೇಡಿ. ಮನೆಯವರನ್ನು ನೋಡುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬೇಸಿಗೆಗೆ ಹೋದರೆ ನೆಮ್ಮದಿಯಾಗಿ ಹೋಗಿ ಬರಬಹುದು.

ವಾಪಸ್ ಬರುವಾಗ ಹೊಸ ಐ-20, ಅಡ್ಮಿಷನ್ ಪತ್ರ, ಮುಗಿಸಿದ ಸೆಮಿಸ್ಟರಿನ ಅಂಕಪಟ್ಟಿ, ಫೀಸಿನ ರಸೀದಿ ಕೈಚೀಲದಲ್ಲೇ ಇರಲಿ. ವೀಸಾದ ಮೇಲೆ ಬೇರೆ ಹೆಸರು ಏಕೆ ಅಂತ ಅಧಿಕಾರಿ ಕೇಳಬಹುದು. ಟ್ರಾನ್ಸ್‌ಫರ್ ಆಗಿದೆ ಅಂತ ಒಂದೇ ವಾಕ್ಯದಲ್ಲಿ ಹೇಳಿ, ಕಾಗದ ತೋರಿಸಿ. ಒಳಗೆ ಬಂದ ಮೇಲೆ ಐ-94 ಎಂಬ ಪ್ರವೇಶದ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದು ನೋಡಿ, ಎಫ್-1 ಅಂತಲೇ ಬರೆದಿದೆಯಾ ಅಂತ. ವೀಸಾದ ಅವಧಿ ಮುಗಿದಿರುವವರ ಕಥೆ ಬೇರೆ. ಅವರು ಹೊಸ ಐ-20 ಇಟ್ಟುಕೊಂಡು ಮತ್ತೆ ಸ್ಟಾಂಪಿಂಗ್ ಮಾಡಿಸಬೇಕು. 2025ರ ಸೆಪ್ಟೆಂಬರ್ 2ರಿಂದ ವಿದ್ಯಾರ್ಥಿಗಳಿಗೆ ಸಂದರ್ಶನದ ವಿನಾಯಿತಿಯನ್ನೂ ತೆಗೆದಿದ್ದಾರೆ. ಹಾಗಾಗಿ ಯೂನಿವರ್ಸಿಟಿ ಬದಲಿಸಿದ್ದು ಯಾಕೆ ಅನ್ನುವ ಪ್ರಶ್ನೆಗೆ ಎದುರಾ ಎದುರೇ ಉತ್ತರ ಕೊಡಬೇಕಾಗುತ್ತದೆ.

ಈಗ ಕೋರ್ಸ್ ಬದಲಾವಣೆ. ಒಂದೇ ಯೂನಿವರ್ಸಿಟಿಯೊಳಗೆ, ಅದೇ ಮಟ್ಟದಲ್ಲಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವುದು ಬಹಳ ಸುಲಭ. ವಿಭಾಗದವರು ಒಪ್ಪಿದ ಮೇಲೆ ಡಿಎಸ್‌ಒ ಸೆವಿಸ್‌ನಲ್ಲಿ ಕೋರ್ಸಿನ ಹೆಸರು ತಿದ್ದಿ ಹೊಸ ಐ-20 ಕೊಡುತ್ತಾರೆ. ಮುಗಿಯಿತು. ನೀವು ಈ ದಾರಿ ಯೋಚಿಸಿದ್ದೀರಾ? ನಿಮಗೆ ಬೇಕಾದ ವಿಷಯಗಳು ಅದೇ ಕ್ಯಾಂಪಸ್‌ನ ಬಿಸಿನೆಸ್ ಸ್ಕೂಲಿನಲ್ಲೋ ಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲೋ ಇರಬಹುದು. ಹೊರಗೆ ಹುಡುಕುವ ಮುಂಚೆ ಒಮ್ಮೆ ಕೇಳಿ ನೋಡಿ.

ಹೊರಗೆ ಹೋಗುವುದೇ ಆದರೆ ಹೊಸ ಕೋರ್ಸಿನ ಹೆಸರಿಗೆ ಮರುಳಾಗಬೇಡಿ, ಅದರ ಸಿಐಪಿ ಕೋಡ್ ಕೇಳಿ. ಇದು ಕೋರ್ಸ್ ಯಾವ ವಿಷಯದ್ದು ಅಂತ ಗುರುತಿಸುವ ಆರು ಅಂಕಿಯ ಸಂಖ್ಯೆ. ಐ-20ಯ ಮೊದಲ ಪುಟದಲ್ಲಿ ಕೋರ್ಸಿನ ಹೆಸರಿನ ಪಕ್ಕದಲ್ಲೇ ಇರುತ್ತದೆ. ನಿಮ್ಮ ಈಗಿನ ಐ-20ಯಲ್ಲಿ 11.0701 ಅಂತ ಇರಬಹುದು, ಅದು ಕಂಪ್ಯೂಟರ್ ಸೈನ್ಸ್. ಓದು ಮುಗಿದ ಮೇಲೆ ಒಪಿಟಿ ಎಂಬ ಕೆಲಸದ ಅನುಮತಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಕೋಡ್ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗುತ್ತದೆ. ಬಿಸಿನೆಸ್ ಅನಾಲಿಟಿಕ್ಸ್ ಅನ್ನುವ ಪದವಿಗೆ ಒಂದು ಯೂನಿವರ್ಸಿಟಿ 30.7102 ಹಾಕಿರುತ್ತದೆ. 2022ರಲ್ಲಿ ಇದು ಸ್ಟೆಮ್ ಪಟ್ಟಿಗೆ ಸೇರಿತು. ಇನ್ನೊಂದು 52.1301 ಹಾಕಿರುತ್ತದೆ, ಅದೂ ಪಟ್ಟಿಯಲ್ಲಿದೆ. ಮತ್ತೊಂದು ಕಡೆ ಹೆಚ್ಚುಕಡಿಮೆ ಅದೇ ಪಾಠಗಳನ್ನು ಎಂಬಿಎ ಒಳಗೆ ಸೇರಿಸಿ 52.0201 ಅಡಿ ಹಾಕಿರುತ್ತಾರೆ, ಅದು ಸ್ಟೆಮ್ ಅಲ್ಲ. ಪಾಠ ಒಂದೇ, ಕೆಲಸಕ್ಕೆ ಸಿಗುವ ಕಾಲದಲ್ಲಿ ಎರಡು ವರ್ಷದ ವ್ಯತ್ಯಾಸ. ಸಾಲ ತೀರಿಸಬೇಕಾದ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ. ಅಡ್ಮಿಷನ್ ಕಚೇರಿಗೆ ಇಮೇಲ್ ಬರೆದು ಕೋಡ್ ಏನು ಅಂತ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಒಪಿಟಿ ಸಿಗಲು ಒಂದು ಪೂರ್ತಿ ಶೈಕ್ಷಣಿಕ ವರ್ಷ ಪೂರ್ಣಾವಧಿ ಓದಿರಬೇಕು. ಸರಿಯಾದ ಕ್ರಮದಲ್ಲಿ ಟ್ರಾನ್ಸ್‌ಫರ್ ಆದವರಿಗೆ ಹಳೆಯ ಯೂನಿವರ್ಸಿಟಿಯಲ್ಲಿ ಕಳೆದ ಸೆಮಿಸ್ಟರೂ ಈ ಲೆಕ್ಕಕ್ಕೆ ಸೇರುತ್ತದೆ. ಸ್ಟೇಟಸ್ ಕಡಿಯದಂತೆ ನೋಡಿಕೊಳ್ಳಿ ಅಂತ ಪದೇ ಪದೇ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಈಗಾಗಲೇ ಒಪಿಟಿಯಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೋರ್ಸ್ ಸೇರಲು ಯೋಚಿಸುತ್ತಿರುವವರು ಇದನ್ನು ಓದುತ್ತಿದ್ದರೆ ಗಮನಿಸಿ. ನಿಮ್ಮ ಸೆವಿಸ್ ದಾಖಲೆ ರಿಲೀಸ್ ಆದ ದಿನ ಒಪಿಟಿ ಮುಗಿಯುತ್ತದೆ. ಕೈಯಲ್ಲಿರುವ ಕೆಲಸದ ಅನುಮತಿಯ ಕಾರ್ಡಿನ ಮೇಲೆ ಇನ್ನೂ ಆರು ತಿಂಗಳ ಅವಧಿ ಬರೆದಿದ್ದರೂ ಅದು ನಡೆಯುವುದಿಲ್ಲ. ಎರಡನೇ ಎಂ.ಎಸ್. ಮಾಡಿದರೆ ಮತ್ತೆ 12 ತಿಂಗಳ ಒಪಿಟಿ ಸಿಗುವುದೂ ಇಲ್ಲ. ಅದು ಒಂದು ಮಟ್ಟಕ್ಕೆ ಒಮ್ಮೆ ಮಾತ್ರ.

ಕ್ರೆಡಿಟ್ ಲೆಕ್ಕವನ್ನೂ ಮಾಡಿಕೊಳ್ಳಿ. ಸೆವಿಸ್ ದಾಖಲೆ ಟ್ರಾನ್ಸ್‌ಫರ್ ಆದರೆ ನೀವು ಓದಿದ ಕ್ರೆಡಿಟ್‌ಗಳೂ ತಾನಾಗಿ ಹೋಗುತ್ತವೆ ಅಂತಲ್ಲ. ಅದನ್ನು ತೀರ್ಮಾನಿಸುವವರು ಹೊಸ ವಿಭಾಗದವರು. ಕೋರ್ಸೂ ಬದಲಾಗುತ್ತಿರುವುದರಿಂದ ನಿಮ್ಮ 9 ಕ್ರೆಡಿಟ್‌ನಲ್ಲಿ ಒಂದನ್ನೂ ಒಪ್ಪದೆ ಇರಬಹುದು. 30 ಕ್ರೆಡಿಟ್‌ನ ಎಂ.ಎಸ್. ಅಂದುಕೊಂಡರೆ, ಇಲ್ಲೇ ಉಳಿದರೆ ಬಾಕಿ 21, ಮೂರು ಸೆಮಿಸ್ಟರ್. ಅಲ್ಲಿ ಮೊದಲಿನಿಂದ ಶುರು ಮಾಡಿದರೆ 30, ನಾಲ್ಕು ಸೆಮಿಸ್ಟರ್. ಫೀಸ್ ಕಡಿಮೆ ಅಂತ ಹೋಗಿ, ಇನ್ನೊಂದು ಸೆಮಿಸ್ಟರಿನ ಬಾಡಿಗೆ, ಊಟ, ವಿಮೆ ಸೇರಿಸಿದಾಗ ಉಳಿತಾಯ ಏನೂ ಇಲ್ಲ ಅಂತ ಆಗಬಾರದು. ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಅಂತ ಸೇರುವ ಮುಂಚೆ ಬರಹದಲ್ಲಿ ಪಡೆಯಿರಿ. ಹಳೆಯ ಕಡೆ ಬಾಕಿ ಏನಾದರೂ ಇದ್ದರೆ ತೀರಿಸಿಬಿಡಿ. ಬಾಕಿ ಇರುವವರ ಅಂಕಪಟ್ಟಿ ತಡೆಹಿಡಿಯುವ ಯೂನಿವರ್ಸಿಟಿಗಳಿವೆ.

ಇನ್ನು ಆ ಏಜೆಂಟ್. ಅವರ ಮಾತಿನ ಹಿಂದಿರುವುದು ಸಿಪಿಟಿ ಎಂಬ ಅನುಮತಿ. ಓದಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಡಿಎಸ್‌ಒ ಕೊಡುವ ಅನುಮತಿ ಅದು. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆ ಸಿಗುತ್ತದೆ. ಪಠ್ಯಕ್ರಮವೇ ಮೊದಲ ದಿನದಿಂದ ಕೆಲಸದ ಅನುಭವ ಬೇಡುವಂಥ ಸ್ನಾತಕೋತ್ತರ ಕೋರ್ಸುಗಳಿಗೆ ನಿಯಮದಲ್ಲಿ ವಿನಾಯಿತಿ ಇದೆ. ಆ ವಿನಾಯಿತಿಯನ್ನೇ ಸರಕು ಮಾಡಿಕೊಂಡು ಮಾರುವವರಿದ್ದಾರೆ. ಅನುಮತಿ ಪತ್ರ ಕೈಯಲ್ಲಿದ್ದರೂ ಮುಂದೆ ಎಚ್-1ಬಿ ಅರ್ಜಿ ಹಾಕಿದಾಗ, ನಿಜಕ್ಕೂ ಓದಿದ್ದೀರಾ, ಕ್ಲಾಸಿಗೆ ಹೋದ ದಾಖಲೆ ಎಲ್ಲಿ, ಕೆಲಸಕ್ಕೂ ಪಾಠಕ್ಕೂ ಏನು ಸಂಬಂಧ ಅಂತ ವಲಸೆ ಇಲಾಖೆ ಕೇಳುತ್ತದೆ. ಉತ್ತರ ಕೊಡಬೇಕಾದವರು ನೀವು. ಏಜೆಂಟ್ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಮಟ್ಟದ ಒಪಿಟಿಯೂ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿದ್ದ ಟ್ರೈ-ವ್ಯಾಲಿ ಯೂನಿವರ್ಸಿಟಿಯ ಮೇಲೆ ದಾಳಿ ಮಾಡಿ ಮುಚ್ಚಿಸಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಭಾರತದಿಂದ ಬಂದ ವಿದ್ಯಾರ್ಥಿಗಳು. ಕೆಲವರ ಕಾಲಿಗೆ ನಿಗಾ ಇಡುವ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿದ್ದರು. 2019ರ ಜನವರಿಯಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯ ವಿಷಯ ಹೊರಬಂತು. ಅದನ್ನು ನಡೆಸುತ್ತಿದ್ದವರೇ ಸರ್ಕಾರದ ಗುಪ್ತ ಅಧಿಕಾರಿಗಳು. ಪಾಠ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಅಲ್ಲಿ ಸಿಕ್ಕಿಬಿದ್ದವರಲ್ಲಿ ಬಹಳಷ್ಟು ಮಂದಿ ಬೇರೆ ಕಡೆ ಸರಿಯಾಗಿ ಓದಲು ಬಂದು, ಆಮೇಲೆ ಟ್ರಾನ್ಸ್‌ಫರ್ ಆದವರು. ನನಗೆ ಈ ಪ್ರಕರಣ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಯಾಕೆಂದರೆ ಆ ಹೆಸರು ಸರ್ಕಾರ ಮಾನ್ಯ ಮಾಡಿದ ಯೂನಿವರ್ಸಿಟಿಗಳ ಪಟ್ಟಿಯಲ್ಲೂ ಇತ್ತು.

ಹಾಗಾಗಿ ಪಟ್ಟಿ ನೋಡಿ, ಆದರೆ ಪಟ್ಟಿಯೊಂದನ್ನೇ ನಂಬಬೇಡಿ. ‘ಸ್ಟಡಿ ಇನ್ ದಿ ಸ್ಟೇಟ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಹುಡುಕಿದರೆ ಎಫ್-1 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಯಾರಿಗೆ ಅನುಮತಿ ಇದೆ ಅಂತ ತಿಳಿಯುತ್ತದೆ. ಶಿಕ್ಷಣ ಇಲಾಖೆಯ ಮಾನ್ಯತೆ ಇರುವ ಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿದೆಯಾ ಅನ್ನುವುದನ್ನು ಬೇರೆಯಾಗಿ ನೋಡಬೇಕು. ಆ ಮನ್ನಣೆ ಇಲ್ಲದಿದ್ದರೆ ಸ್ಟೆಮ್ ಒಪಿಟಿ ಸಿಗುವುದಿಲ್ಲ. ಅದಾದ ಮೇಲೆ ನಿಮ್ಮದೇ ಕಣ್ಣು, ಕಿವಿ ಬಳಸಿ. ವಾರಕ್ಕೆ ಎಷ್ಟು ದಿನ ಕ್ಯಾಂಪಸ್‌ಗೆ ಬರಬೇಕು? ಪಾಠ ಮಾಡುವವರ ಹೆಸರೇನು, ಅವರ ಹಿನ್ನೆಲೆ ಏನು? ಅಲ್ಲಿ ಓದುತ್ತಿರುವ ಇಬ್ಬರ ಜೊತೆ ಮಾತಾಡಬಹುದಾ? ಕ್ಲಾಸಿಗೆ ಬರುವುದೇ ಬೇಡ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಟ್ರಾನ್ಸ್‌ಫರ್ ಕೆಲಸಕ್ಕೆ ಏಜೆಂಟ್ ಬೇಕಾಗಿಯೇ ಇಲ್ಲ. ನಿಮ್ಮ ಡಿಎಸ್‌ಒ ಮಾಡಿಕೊಡುವ ಕೆಲಸಕ್ಕೆ ಅವರು ದುಡ್ಡು ಕೇಳುತ್ತಿದ್ದಾರೆ.

ಈಗಾಗಲೇ ಕೋರ್ಸ್ ಡ್ರಾಪ್ ಮಾಡಿ ಸ್ಟೇಟಸ್ ಕಳೆದುಕೊಂಡವರಿಗೂ ಎರಡು ಮಾತು. ಮುಚ್ಚಿಟ್ಟು ಹೊಸ ಕಡೆ ಸೇರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಸೆವಿಸ್‌ನಲ್ಲಿ ಹಿಂದಿನದೆಲ್ಲ ಕಾಣುತ್ತದೆ. ಐ-539 ಅರ್ಜಿ ಹಾಕಿ ಸ್ಟೇಟಸ್ ಮರಳಿ ಕೊಡಿ ಅಂತ ಕೇಳಬಹುದು. ಇದಕ್ಕೆ ಸಾಮಾನ್ಯವಾಗಿ ಐದು ತಿಂಗಳ ಮಿತಿ ಇದೆ. ಅನುಮತಿ ಇಲ್ಲದೆ ಕೆಲಸ ಮಾಡಿರಬಾರದು. ಆಗಿದ್ದು ಕೈಮೀರಿದ ಕಾರಣಕ್ಕೆ ಅಂತ ತೋರಿಸಬೇಕು, ಇಲ್ಲವೇ ಮೊದಲೇ ಕೇಳಿದ್ದರೆ ಡಿಎಸ್‌ಒ ಒಪ್ಪಬಹುದಾಗಿದ್ದಂಥ ಹೊರೆ ಕಡಿತ ಅದಾಗಿರಬೇಕು. ಇನ್ನೊಂದು ದಾರಿ ದೇಶ ಬಿಟ್ಟು, ಹೊಸ ಐ-20, ಹೊಸ ಸೆವಿಸ್ ಸಂಖ್ಯೆ ಪಡೆದು ಬರುವುದು. ಆಗ 350 ಡಾಲರ್ ಮತ್ತೆ ಕಟ್ಟಬೇಕು. ಸಿಪಿಟಿ, ಒಪಿಟಿಗೆ ಬೇಕಾದ ಒಂದು ವರ್ಷದ ಎಣಿಕೆಯೂ ಮೊದಲಿನಿಂದ ಶುರು. ಈ ಹಂತದಲ್ಲಿರುವವರು ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿ. ಇಂಥ ಹೊತ್ತಿನಲ್ಲಿ ವಕೀಲರ ಫೀಸ್ ದಂಡವಲ್ಲ.

ಬೇರೆ ದೇಶದಲ್ಲಿರುವ ಗೆಳೆಯರ ಅನುಭವವನ್ನು ಇಲ್ಲಿಗೆ ಹಚ್ಚಬೇಡಿ. ಕೆನಡಾದಲ್ಲಿ ಮೊದಲು ಆನ್‌ಲೈನ್ ಖಾತೆಯಲ್ಲಿ ಕಾಲೇಜಿನ ಹೆಸರು ಬದಲಿಸಿದರೆ ಸಾಕಿತ್ತು. 2024ರ ನವೆಂಬರ್ 8ರಿಂದ ಹೊಸ ಸ್ಟಡಿ ಪರ್ಮಿಟ್‌ಗೇ ಅರ್ಜಿ ಹಾಕಬೇಕು. ಆಸ್ಟ್ರೇಲಿಯಾದಲ್ಲಿ ಮುಖ್ಯ ಕೋರ್ಸಿನ ಮೊದಲ ಆರು ತಿಂಗಳೊಳಗೆ ಬಿಡಲು ಈಗಿನ ಸಂಸ್ಥೆಯ ಒಪ್ಪಿಗೆ ಬೇಕು. ಬ್ರಿಟನ್‌ನಲ್ಲಿ ವೀಸಾ ಯೂನಿವರ್ಸಿಟಿಗೇ ಅಂಟಿಕೊಂಡಿರುವುದರಿಂದ ಬೇರೆ ಕಡೆ ಹೋಗಲು ಹೊಸ ವೀಸಾ ಅರ್ಜಿಯೇ ಹಾಕಬೇಕು.

ಅಮೆರಿಕದಲ್ಲೂ ಗಾಳಿ ಬದಲಾಗುತ್ತಿದೆ. 2025ರ ಆಗಸ್ಟ್ 28ರಂದು ಅಲ್ಲಿನ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆ ಒಂದು ಪ್ರಸ್ತಾಪ ಪ್ರಕಟಿಸಿತು. ವಿದ್ಯಾರ್ಥಿಗಳಿಗೆ ಗರಿಷ್ಠ ನಾಲ್ಕು ವರ್ಷದ ಅವಧಿ ಗೊತ್ತು ಮಾಡುವುದು, ಪದವಿ ಓದುವವರು ಮೊದಲ ವರ್ಷದಲ್ಲಿ ಕೋರ್ಸ್ ಅಥವಾ ಕಾಲೇಜು ಬದಲಿಸದಂತೆ ತಡೆಯುವುದು, ಸ್ನಾತಕೋತ್ತರದವರು ನಡುವೆ ಕೋರ್ಸ್ ಬದಲಿಸದಂತೆ ಮಾಡುವುದು, ಓದು ಮುಗಿದ ಮೇಲಿನ 60 ದಿನದ ಗಡುವನ್ನು 30ಕ್ಕೆ ಇಳಿಸುವುದು ಅದರಲ್ಲಿವೆ. ನಾನು ಮೇಲೆ ಹೇಳಿದ್ದೆಲ್ಲ ಈ ಪ್ರಸ್ತಾಪಕ್ಕೆ ಮುಂಚಿನಿಂದ ನಡೆದು ಬಂದ ನಿಯಮ. ನಿಮ್ಮ ಯೋಜನೆ ಅದೇ ಪ್ರಸ್ತಾಪ ತಡೆಯಲು ಹೊರಟಿರುವಂಥದ್ದು. ಅದಕ್ಕೇ ಡಿಎಸ್‌ಒ ಅವರನ್ನು ಕೇಳುವ ಮೊದಲ ಪ್ರಶ್ನೆ, ನಾನು ಟ್ರಾನ್ಸ್‌ಫರ್ ಆಗುವ ದಿನಕ್ಕೆ ಯಾವ ನಿಯಮ ಜಾರಿಯಲ್ಲಿರುತ್ತದೆ ಅನ್ನುವುದೇ ಆಗಿರಲಿ.

ಈ ವಾರವೇ ಅವರ ಬಳಿ ಹದಿನೈದು ನಿಮಿಷ ಸಮಯ ಕೇಳಿ. ಅಡ್ಮಿಷನ್ ಬರುವವರೆಗೆ ಕಾಯಬೇಕಿಲ್ಲ, ಕೇಳಿದ ಮಾತ್ರಕ್ಕೆ ದಾಖಲೆ ಎಲ್ಲಿಗೂ ಹೋಗುವುದಿಲ್ಲ. ಸ್ಟೇಟಸ್ ಈಗ ಸರಿಯಾಗಿದೆಯಾ, ಟ್ರಾನ್ಸ್‌ಫರ್ ಅರ್ಜಿಗೆ ಕೊನೆಯ ದಿನ ಯಾವುದು, ಡಿಸೆಂಬರ್‌ನಲ್ಲಿ ಕಚೇರಿ ಯಾವಾಗ ಮುಚ್ಚುತ್ತದೆ, ಇದೇ ಯೂನಿವರ್ಸಿಟಿಯಲ್ಲಿ ವಿಭಾಗ ಬದಲಿಸಲು ಆಗುತ್ತದಾ ಅಂತ ಕೇಳಿ. ಉತ್ತರಗಳನ್ನು ಇಮೇಲ್‌ನಲ್ಲೂ ಪಡೆಯಿರಿ. ಆಮೇಲೆ ರಿಲೀಸ್ ಡೇಟ್ ಹಾಕಿಸಿದ ಬಳಿಕವೂ ಮನಸ್ಸು ಬದಲಾದರೆ, ಆ ದಿನ ಬರುವ ಮುಂಚೆ ಅವರಿಗೆ ಹೇಳಿದರೆ ಟ್ರಾನ್ಸ್‌ಫರ್ ರದ್ದು ಮಾಡುತ್ತಾರೆ, ನೀವು ಈಗಿನ ಯೂನಿವರ್ಸಿಟಿಯಲ್ಲೇ ಮುಂದುವರಿಯಬಹುದು.